ಏಳರವರೆಗೆ ಎಣಿಸಿದ ಹೆಂಗಸು: ಒಂದು ಐಸಿಯು ಪ್ರಕರಣ

ರೋಗಿ 41 ವರ್ಷದ ಹೆಂಗಸು. ಮನೆಯಲ್ಲಿ ಬೀಡಿ ಕಟ್ಟುವವರು. ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಮನೆ ಕಾಸರಗೋಡು ಜಿಲ್ಲೆಯ ಮೂಡುದಿಕ್ಕಿನ ಗುಡ್ಡದ ಬದಿಯಲ್ಲಿ, ಅಡಿಕೆ ತೋಟದ ನಡುವೆ. ಮನೆಮಾತು ತುಳು, ಶಾಲೆಯ ಮಾತು ಕನ್ನಡ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳ. 2023ರ ಆಟಿ ತಿಂಗಳಲ್ಲಿ ಮಂಗಳೂರಿನ ಒಂದು ಐಸಿಯುವಿನಲ್ಲಿ ಇವರನ್ನು ನೋಡಿಕೊಂಡ ವೈದ್ಯರಲ್ಲಿ ನಾನೂ ಒಬ್ಬ. ಬರೆಯಲಿಕ್ಕೆ ಅವರ ಒಪ್ಪಿಗೆ ಉಂಟು. ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಬದಲಿಸಿಲ್ಲ.

ಆ ರಾತ್ರಿ ಮಳೆ ಜೋರಿತ್ತು. ಮಾಡು ಸೋರುತ್ತಿದ್ದ ಕಾರಣ ಒಳಕೋಣೆ ಬಿಟ್ಟು ಚಾವಡಿಯ ನೆಲದಲ್ಲಿ ಚಾಪೆ ಹಾಸಿ ಮಲಗಿದ್ದರು. ಸೊಳ್ಳೆಪರದೆ ಇರಲಿಲ್ಲ. ನಡುರಾತ್ರಿ ಕಳೆದ ಮೇಲೆ ಕೈಗೆ ಇರುವೆ ಕಚ್ಚಿದ ಹಾಗಾಯಿತು, ಒರೆಸಿಕೊಂಡು ಮಗ್ಗುಲಾದರು. ನಾಲ್ಕು ಗಂಟೆ ಹೊತ್ತಿಗೆ ಹೊಟ್ಟೆ ನುಲಿಯತೊಡಗಿತು, ಎರಡು ಸಲ ವಾಂತಿಯಾಯಿತು. ರಾತ್ರಿ ಕಣಿಲೆ ಪಲ್ಯ ತಿಂದದ್ದೇ ಕಾರಣ ಎಂದು ಮನೆಯವರು ತೀರ್ಮಾನಿಸಿ ಜೀರಿಗೆ ಕಷಾಯ ಕೊಟ್ಟರು. ಐದೂವರೆಗೆ ರೆಪ್ಪೆ ಎತ್ತಲಾಗದ ಹಾಗಾಯಿತು. "ನಿದ್ದೆ ಬಾಕಿ ಉಂಟು, ಮಲಗಲಿ" ಎಂದರು ಅತ್ತೆ. ಆರು ಗಂಟೆಗೆ ಸ್ವರ ಮೂಗಿನಿಂದ ಬರತೊಡಗಿ, ಎಂಜಲು ನುಂಗಲಾಗದೆ ಕಟಬಾಯಿಯಿಂದ ಇಳಿಯಿತು. ಆಗ ಮೈದುನ ರಿಕ್ಷಾ ಸ್ಟಾರ್ಟ್ ಮಾಡಿದ.

ನಮ್ಮೂರ ಕಡೆ ನಾಗರ ಕಚ್ಚಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಕೊಳಕುಮಂಡಲ ಕಚ್ಚಿದರೆ ಕಾಲು ಊದಿ ಸಾರಿ ಹೇಳುತ್ತದೆ. ಕಟ್ಟುಹಾವು ಹಾಗಲ್ಲ. ಮಲಯಾಳದವರು ವೆಳ್ಳಿಕ್ಕೆಟ್ಟನ್, ಇಂಗ್ಲಿಷಿನವರು ಕ್ರೇಟ್ ಎನ್ನುವ ಇದು ಇಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ರಾತ್ರಿ ಮನೆಯೊಳಗೆ ಬರುತ್ತದೆ. ನೆಲದಲ್ಲಿ ಮಲಗಿದವರನ್ನು ನೋವೇ ಆಗದಂತೆ ಕಚ್ಚಿ ಹೋಗುತ್ತದೆ. ಬಾವು ಬರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವದ ಹೊಟ್ಟೆನೋವು, ಆಮೇಲೆ ಜೋತುಬಿದ್ದ ರೆಪ್ಪೆ: ಮಳೆಗಾಲದಲ್ಲಿ ನೆಲದಲ್ಲಿ ಮಲಗಿದ್ದವರಿಗೆ ಇವೆರಡು ಒಟ್ಟಿಗೆ ಬಂದರೆ ಬೇರೆ ಯೋಚನೆ ಮಾಡುತ್ತ ಕೂರಬಾರದು. ವಿಜ್ಞಾನಿಗಳು ಈ ಕುಲಕ್ಕೆ ಇಟ್ಟ ಬಂಗಾರಸ್ ಎಂಬ ಹೆಸರು ತೆಲುಗಿನ ಬಂಗಾರದಿಂದ ಬಂದದ್ದಂತೆ. ಇದರ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಸ್ನಾಯುವಿಗೆ ಅಪ್ಪಣೆ ತಲುಪುವುದಿಲ್ಲ. ತುದಿ ಹೊಸದಾಗಿ ಚಿಗುರಲು ದಿನಗಳು ಬೇಕು. ಅಷ್ಟು ದಿನ ಯಾರಾದರೂ ಉಸಿರು ಹಾಕಿಕೊಟ್ಟರೆ ರೋಗಿ ಪೂರಾ ಗುಣವಾಗುತ್ತಾರೆ. ಹಾಕಿಕೊಡದಿದ್ದರೆ ಮಧ್ಯಾಹ್ನದೊಳಗೆ ಸಾಯುತ್ತಾರೆ. ಇಷ್ಟು ನೇರವಾದ ಲೆಕ್ಕ ಐಸಿಯುವಿನಲ್ಲಿ ಬೇರೆ ಯಾವ ಕಾಯಿಲೆಗೂ ಇಲ್ಲ. ಆದ್ದರಿಂದಲೇ ನಮ್ಮ ದೇಶದ ತೀವ್ರ ನಿಗಾ ವ್ಯವಸ್ಥೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನಗೆ ಈ ಪ್ರಕರಣ ನೆನಪಾಗುತ್ತದೆ.

ಬೆಳಗ್ಗೆ 6.40ಕ್ಕೆ ಅವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ ಮುಟ್ಟಿದರು. ರಾತ್ರಿ ಪಾಳಿಯಲ್ಲಿದ್ದವಳು ತೆಂಕಣ ಕೇರಳದ ಒಬ್ಬ ಎಳೆ ಡಾಕ್ಟರ್, ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ. ಕಚ್ಚಿದ ಗುರುತು ಇಲ್ಲ, ಹಾವು ನೋಡಿದವರಿಲ್ಲ, ರೋಗಿಯ ಭಾಷೆ ಇವಳಿಗೆ ಬರುವುದಿಲ್ಲ. ಆದರೂ ರೆಪ್ಪೆ ನೋಡಿದ ಕೂಡಲೇ ಹಿಡಿದಳು. ಗಾಜಿನ ಟ್ಯೂಬಿನಲ್ಲಿ ರಕ್ತ ಇಟ್ಟು 20 ನಿಮಿಷ ಬಿಟ್ಟಳು, ಹೆಪ್ಪುಗಟ್ಟಿತು. ಅಂದರೆ ರಕ್ತ ಹೆಪ್ಪುಗಟ್ಟಲು ಬಿಡದ ಮಂಡಲದ ಜಾತಿ ಅಲ್ಲ. ಆ ಟ್ಯೂಬು ಕಾಯುತ್ತಿರುವಾಗಲೇ 10 ವಯಲ್ ಪ್ರತಿವಿಷ ಡ್ರಿಪ್ಪಿನಲ್ಲಿ ಹೋಗುತ್ತಿತ್ತು. ನರದ ಅಪ್ಪಣೆ ಸ್ನಾಯುವಿಗೆ ದಾಟಲು ನೆರವಾಗುವ ನಿಯೋಸ್ಟಿಗ್ಮಿನ್ ಎಂಬ ಔಷಧಿ ಕೊಟ್ಟು ನೋಡಿದಳು. ನಾಗರದ ವಿಷಕ್ಕಾದರೆ ಎಷ್ಟೋ ಸಲ ರೆಪ್ಪೆ ಮೇಲೇಳುತ್ತದೆ, ಇಲ್ಲಿ ಏಳಲಿಲ್ಲ.

ಆಮೇಲೆ ಅವಳು ಮಾಡಿದ ಕೆಲಸವನ್ನು ನಾನು ಈಗಲೂ ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಿ ಎಂದು ಮೈದುನನಿಂದ ಹೇಳಿಸಿದಳು. ರೋಗಿ ಮೂಗುಸ್ವರದಲ್ಲಿ ಎಣಿಸಿದರು: ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ, ಏಳ್. ಅಲ್ಲಿಗೆ ಉಸಿರು ಮುಗಿಯಿತು. ಆರೋಗ್ಯವಂತರು ಇಪ್ಪತ್ತೈದು, ಮೂವತ್ತು ದಾಟುತ್ತಾರೆ. ತುಳು ಗೊತ್ತಿಲ್ಲದ ಡಾಕ್ಟರ್ ಬೆರಳು ಮಡಚುತ್ತ ಲೆಕ್ಕ ಹಿಡಿದು, ಕೇಸ್ ಶೀಟಿನಲ್ಲಿ 7 ಎಂದು ಬರೆದು, ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿಸಿದಳು. 4. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರ ಆಗಲೂ 93 ತೋರಿಸುತ್ತಿತ್ತು. ಆ ಯಂತ್ರವನ್ನು ನಂಬಿ ಕೂತವರು ರೋಗಿಯನ್ನು ಕಳಕೊಳ್ಳುತ್ತಾರೆ. ಆಕ್ಸಿಜನ್ ಇಳಿಯುವುದು ಕಡೆಗೆ, ಅದಕ್ಕೆ ಮೊದಲೇ ಉಸಿರಿನ ಬಲ ಹೋಗಿರುತ್ತದೆ. ಅವಳು ಕಾಯಲಿಲ್ಲ, 7.20ಕ್ಕೆ ಗಂಟಲಿಗೆ ಟ್ಯೂಬ್ ಹಾಕಿದಳು. ಅವಳ ಜೀವನದಲ್ಲಿ ಅದು ಎಷ್ಟನೆಯ ಟ್ಯೂಬೋ ಏನೋ, ನಾನು ಕೇಳಲಿಲ್ಲ. ಹತ್ತಕ್ಕಿಂತ ಹೆಚ್ಚಿರಲಾರದು.

ಅಲ್ಲಿ ಒಂದು ವೆಂಟಿಲೇಟರ್ ಇತ್ತು. ಕೋವಿಡ್ ಕಾಲದ್ದು, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡಿತ್ತು. ಅದಕ್ಕೆ ಬೇಕಾದ ಒತ್ತಡದ ಆಕ್ಸಿಜನ್ ಲೈನ್ ಇಲ್ಲ, ಪೈಪಿನ ಸೆಟ್ ಇಲ್ಲ, ರಾತ್ರಿ ಹಗಲು ಅದರ ಪಕ್ಕ ನಿಲ್ಲುವ ಜನವಂತೂ ಇಲ್ಲವೇ ಇಲ್ಲ. ದೂರುವುದಕ್ಕಾಗಿ ಹೇಳುತ್ತಿಲ್ಲ. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿಯಿಂದ ದೇಶಕ್ಕೆ 50,000 ವೆಂಟಿಲೇಟರ್, ಅದಕ್ಕೆ 2,000 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಅದೇ ವರ್ಷ ಸಂಶೋಧಕರು ಹಾಕಿದ ಒಂದು ಅಂದಾಜಿನಲ್ಲಿ ಇಡೀ ಭಾರತದ ಐಸಿಯು ಹಾಸಿಗೆಗಳು ಸುಮಾರು 95,000, ವೆಂಟಿಲೇಟರ್‌ಗಳು 48,000. ಅಂದರೆ ಒಂದೇ ಘೋಷಣೆಯಲ್ಲಿ, ಇದ್ದದ್ದಕ್ಕಿಂತ ಹೆಚ್ಚು ಯಂತ್ರ. ಯಂತ್ರ ಲಾರಿಯಲ್ಲಿ ಬರುತ್ತದೆ. ಅದನ್ನು ನಡೆಸುವವರನ್ನು ತಯಾರು ಮಾಡಲು ವರ್ಷಗಳು ಹಿಡಿಯುತ್ತವೆ.

ಎಲ್ಲಿಗೆ ಕಳಿಸುವುದು? ಗಡಿನಾಡಿನವರಿಗೆ ಈ ಪ್ರಶ್ನೆಯ ಹಿಂದೆ ಒಂದು ಕಥೆ ಉಂಟು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರು, ತೆಂಕಕ್ಕೆ ಪರಿಯಾರಂ ಮೆಡಿಕಲ್ ಕಾಲೇಜು ಅದಕ್ಕಿಂತ ದೂರ. 1984ರಲ್ಲಿ ಜಿಲ್ಲೆಯಾದರೂ ಜೀವಕ್ಕೆ ಬಂದಾಗ ನಮ್ಮವರು ಬಡಗಕ್ಕೇ ಓಡುತ್ತಿದ್ದರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಹೆದರಿಕೆಗೆ ಕರ್ನಾಟಕ ಗಡಿ ಮುಚ್ಚಿ ಆ ದಾರಿಗೇ ಮಣ್ಣು ಬಿತ್ತು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಹೋದವು, ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಿ ಎಂದಿತು, ಸಂಗತಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಆ ಮೇಲೆ ರೋಗಿಗಳಿಗೆ ದಾರಿಯಾಯಿತು. ಕಾಸರಗೋಡು ಜಿಲ್ಲೆಯದೇ ಉಕ್ಕಿನಡ್ಕದಲ್ಲಿ 2013ರಲ್ಲಿ ಅಡಿಗಲ್ಲು ಹಾಕಿದ ಮೆಡಿಕಲ್ ಕಾಲೇಜಿನ ಕಟ್ಟಡ ಆ ಏಪ್ರಿಲ್‌ನಲ್ಲಿ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಕಾಲೇಜಿಗೆ ಎಂಬಿಬಿಎಸ್ ಸೀಟು ಮಂಜೂರಾಗಲು 2025 ಬರಬೇಕಾಯಿತು. ಗಡಿ ಮುಚ್ಚಿದ್ದು ಮೂರು ವರ್ಷ ಕಳೆದ ಮೇಲೂ ರೋಗಿಯ ಗಂಡ ಆ ಬೆಳಗ್ಗೆ ಡಾಕ್ಟರಲ್ಲಿ ಕೇಳಿದ ಮೊದಲ ಮಾತು, "ಗೇಟು ತೆಗ್ದುಂಟಲ್ಲ?"

ಗೇಟು ತೆಗೆದಿತ್ತು. ಐಸಿಯು ಬೆಡ್ ಸಿಗಲು ನಾಲ್ಕು ಫೋನ್ ಕರೆ ಬೇಕಾದವು, ನಾಲ್ಕನೆಯದನ್ನು ಎತ್ತಿದವನು ನಾನು.

ಆಂಬುಲೆನ್ಸಿನಲ್ಲಿ ವೆಂಟಿಲೇಟರ್ ಇರಲಿಲ್ಲ. ಇದ್ದದ್ದು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಆಕ್ಸಿಜನ್ ಸಿಲಿಂಡರು, ಜೊತೆಗೆ ಕಣ್ಣೂರಿನ ಕಡೆಯ ಒಬ್ಬ ಸಿಸ್ಟರ್. 7.50ಕ್ಕೆ ಹೊರಟವರು ನಮ್ಮಲ್ಲಿ ಮುಟ್ಟಿದ್ದು 9.40ಕ್ಕೆ. ಮಳೆ, ಹೆದ್ದಾರಿ ಅಗಲ ಮಾಡುವ ಕೆಲಸದ ಡೈವರ್ಶನ್ನು, ಕೆಸರು. 110 ನಿಮಿಷ, ನಿಮಿಷಕ್ಕೆ 14 ಸಲ ಒತ್ತಿದರೆ 1,540 ಉಸಿರು. ಉಪ್ಪಳ ಬರುವಾಗ ಆ ಸಿಸ್ಟರ್ ಕೈ ಸೋತಿತ್ತು, ಮೈದುನನಿಗೆ ಕಲಿಸಿ ಒಂದಷ್ಟು ದೂರ ಅವನಿಂದ ಒತ್ತಿಸಿದರು. "ನೀವು ಉಸಿರು ಎಳೆಯುವಾಗ ಒತ್ತಿ, ಬಿಡುವಾಗ ಬಿಡಿ" ಎಂದು ಹೇಳಿಕೊಟ್ಟರಂತೆ. ರಿಕ್ಷಾದ ಹಾರನ್ ಒತ್ತಿ ಅಭ್ಯಾಸ ಇದ್ದವ ಮೊದಮೊದಲು ಅದೇ ರಭಸದಲ್ಲಿ ಒತ್ತಿದ, ಬೈಸಿಕೊಂಡ. ನಡುವೆ ಒಂದು ದೊಡ್ಡ ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಬ್ಯಾಗ್ ಟ್ಯೂಬಿನಿಂದ ಕಳಚಿತು. ಕಫ ಕಟ್ಟಿತ್ತು. ರಕ್ತದ ಆಕ್ಸಿಜನ್ ಅರವತ್ತರ ಆಸುಪಾಸಿಗೆ ಇಳಿದು, ಮತ್ತೆ ಮೇಲೆ ಬರಲು ಎಷ್ಟು ನಿಮಿಷ ಹಿಡಿಯಿತೋ ಯಾರೂ ಗಡಿಯಾರ ನೋಡಿರಲಿಲ್ಲ. ಈ ಲೆಕ್ಕ ಸಿಗದ ನಿಮಿಷಗಳು ಮುಂದೆ ನಮ್ಮನ್ನು ಕಾಡಿದವು.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ. 1952ರ ಆಗಸ್ಟ್, ಡೆನ್ಮಾರ್ಕಿನ ಕೋಪನ್‌ಹೇಗನ್, ಪೋಲಿಯೋ ಹಾವಳಿ. ಉಸಿರಿನ ಸ್ನಾಯು ಸೋತ ರೋಗಿಗಳಲ್ಲಿ ಬಹುಪಾಲು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ 12 ವರ್ಷದ ಒಬ್ಬ ಹುಡುಗಿಯ ಗಂಟಲಿನಲ್ಲಿ ತೂತು ಮಾಡಿಸಿ ಟ್ಯೂಬ್ ಹಾಕಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟ. ಹುಡುಗಿ ಬದುಕಿದಳು. ಆಮೇಲೆ ತಿಂಗಳುಗಟ್ಟಲೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ನೂರಾರು ರೋಗಿಗಳಿಗೆ ಕೈಯಿಂದಲೇ ಉಸಿರು ಹಾಕಿದರು. ಸಾವು ಇಳಿಯಿತು. ಮರುವರ್ಷ ಇಬ್ಸೆನ್ ಇಂಥ ರೋಗಿಗಳಿಗೆಂದೇ ಒಂದು ಪ್ರತ್ಯೇಕ ವಾರ್ಡು ತೆರೆದ, ಇಂದಿನ ಐಸಿಯುಗಳ ಮೂಲ ಅದು. ಹಿಸುಕಿದರೆ ತಾನೇ ಉಬ್ಬುವ ಆಂಬು ಬ್ಯಾಗ್ ಕೂಡ ಅದೇ ಊರಿನಲ್ಲಿ 1956ರಲ್ಲಿ ಬಂದದ್ದು. ಕುಂಬಳೆ, ಉಪ್ಪಳ ದಾಟುತ್ತ ಆ ಸಿಸ್ಟರ್ ಮಾಡಿದ್ದು ಎಪ್ಪತ್ತೊಂದು ವರ್ಷದ ಹಿಂದಿನ ಅದೇ ಕೆಲಸ. ವ್ಯತ್ಯಾಸವೆಂದರೆ ಅಲ್ಲಿ ಒಬ್ಬ ದಣಿದರೆ ಇನ್ನೊಬ್ಬ ಬರುತ್ತಿದ್ದ, ಇಲ್ಲಿ ರಿಕ್ಷಾ ಡ್ರೈವರ್ ಬಂದ.

ನಮ್ಮಲ್ಲಿ ಬಂದಾಗ ರೋಗಿಯ ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ. ನಾಡಿ 140, ರಕ್ತದೊತ್ತಡ 180/110, ಸೋಡಿಯಂ ಸ್ವಲ್ಪ ಕಡಿಮೆ, ಬಲ ಶ್ವಾಸಕೋಶದ ಕೆಳಭಾಗದಲ್ಲಿ ಎಂಜಲು ಇಳಿದ ಗುರುತು. ವೆಂಟಿಲೇಟರ್ ಹಾಕಿದೆವು, ಪ್ರತಿವಿಷ ಇನ್ನೊಮ್ಮೆ ಕೊಟ್ಟೆವು, ಆ್ಯಂಟಿಬಯಾಟಿಕ್ ಶುರು ಮಾಡಿದೆವು. ಮಧ್ಯಾಹ್ನ ಮನೆಯಿಂದ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು: ಬೀಡಿ ಎಲೆಯ ತಡ್ಪೆಯ (ಮೊರದ) ಅಡಿಯಲ್ಲಿ ಸಿಕ್ಕಿದ ಕಪ್ಪು ಹಾವು, ಜೋಡಿ ಜೋಡಿ ಬಿಳಿ ಪಟ್ಟಿ. ಕೊಂದಿದ್ದರು. ಅಷ್ಟು ಹೊತ್ತಿಗೆ ಆ ಚಿತ್ರದಿಂದ ಚಿಕಿತ್ಸೆಯಲ್ಲಿ ಬದಲಾಗುವಂಥದ್ದು ಏನೂ ಉಳಿದಿರಲಿಲ್ಲ.

ನಾಡಿ, ರಕ್ತದೊತ್ತಡ ಏರಿದ್ದಕ್ಕೆ ನಾನು ಕೊಟ್ಟ ವಿವರಣೆ ಪುಸ್ತಕದ್ದು. ಕಟ್ಟುಹಾವಿನ ವಿಷ ದೇಹದ ಸ್ವಯಂಚಾಲಿತ ನರಗಳನ್ನೂ ಕೆಡಿಸುತ್ತದೆ, ಹಾಗಾಗಿ ಏರುತ್ತದೆ. ಅದು ನಿಜವೇ. ನಿದ್ದೆಯ ಔಷಧಿಯನ್ನು ಮೊದಲ ದಿನ ಸಂಜೆ ಕಡಿಮೆ ಮಾಡಿಸಿದೆ. ಆಗ ನನ್ನ ತರ್ಕ ಹೀಗಿತ್ತು: ರೋಗಿ ಹೇಗೂ ಅಲ್ಲಾಡುವುದಿಲ್ಲ, ಟ್ಯೂಬ್ ಕಿತ್ತುಕೊಳ್ಳುವ ಭಯ ಇಲ್ಲ, ಮಿದುಳು ಹೇಗಿದೆ ಎಂದು ನೋಡಲು ಔಷಧಿ ಅಡ್ಡ ಬರಬಾರದು. ತಲೆಯ ಸ್ಕ್ಯಾನ್ ಸರಿ ಇತ್ತು. ಆದರೂ ಆಂಬುಲೆನ್ಸಿನ ಆ ನಿಮಿಷಗಳು ನನ್ನ ತಲೆಯಲ್ಲಿ ಕೂತಿದ್ದವು.

ಎರಡನೆಯ ದಿನ ಸಂಜೆ ಕಿರಿಯ ವೈದ್ಯ ಟಾರ್ಚ್ ಹಿಡಿದು ನೋಡಿ ಬಂದ. "ಸರ್, ಪಾಪೆ ಎರಡೂ ದೊಡ್ಡದಾಗಿದೆ. ಬೆಳಕಿಗೆ ರಿಯಾಕ್ಷನ್ ಇಲ್ಲ. ಕೆಮ್ಮು ಇಲ್ಲ. ಬ್ರೈನ್ ಡೆತ್ ಆಗಿರ್ಬಹುದಾ?" ಕಟ್ಟುಹಾವಿನ ವಿಷದಲ್ಲಿ ಪಾಪೆಯ ಸ್ನಾಯುವೂ ಸೋಲುತ್ತದೆ, ಇದು ಗೊತ್ತಿದ್ದ ವಿಷಯ. ಮಿದುಳಿನ ಸಾವು ಎನ್ನಬೇಕಾದರೆ ಮೊದಲು ವಿಷ, ಔಷಧಿ, ಸ್ನಾಯುಸೋಲು ಯಾವುದೂ ಇಲ್ಲವೆಂದು ಖಾತ್ರಿಯಾಗಬೇಕು. ಇಲ್ಲಿ ಕಾಯಿಲೆಯೇ ವಿಷ, ಹಾಗಾಗಿ ಪರೀಕ್ಷೆಗೆ ಅರ್ಥವೇ ಇಲ್ಲ. ನಾನು ತಕ್ಷಣ ಇಲ್ಲ ಎನ್ನಬೇಕಿತ್ತು. ಹಾಸಿಗೆಯ ಬುಡದಲ್ಲೇ ನಿಂತು, "ಲಕ್ಷಣ ಅಷ್ಟು ಒಳ್ಳೆದಿಲ್ಲ ಮಾರಾಯ. ದಾರಿಯಲ್ಲಿ ಆಕ್ಸಿಜನ್ ಬಿದ್ದದ್ದು ಜಾಸ್ತಿ ಆಯ್ತೋ ಏನೋ. ನೋಡುವ" ಎಂದೆ.

ಕಣ್ಣಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಒಣಗಬಾರದೆಂದು ಹಾಕಿದ ಡ್ರಾಪ್ಸ್ ಎಂದುಕೊಂಡು ಒರೆಸಿದೆವು.

ಅದೇ ರಾತ್ರಿ ಗಂಡ ನನ್ನನ್ನು ಹೊರಗೆ ಕರೆದರು. ಅಷ್ಟರಲ್ಲಿ ಊರಿನಿಂದ ಐದಾರು ಮಂದಿ ಬಂದಿದ್ದರು. "ಡಾಕ್ಟ್ರೇ, ಆಗುದಿಲ್ಲಾಂತ ಆದ್ರೆ ಹೇಳಿ. ಜೀವ ಇರುವಾಗಲೇ ಮನೆಗೆ ಕರ್ಕೊಂಡು ಹೋಗ್ತೇವೆ" ಎಂದರು. ಅವರ ಕೈಯಲ್ಲಿ ಕೇರಳದ ಆರೋಗ್ಯ ಕಾರ್ಡ್ ಇತ್ತು. ಅದು ನಮ್ಮಲ್ಲಿ ನಡೆಯುತ್ತದೋ ಇಲ್ಲವೋ ಎಂದು ಕೌಂಟರಿನವರು ಎರಡು ದಿನದಿಂದ ಹೇಳಿರಲಿಲ್ಲ, ಕಡೆಗೆ ಅವರ ಮಟ್ಟಿಗೆ ನಡೆಯಲಿಲ್ಲ. ಮೂರು ಪವನಿನ ಸರ ಆಗಲೇ ಅಡವಿಗೆ ಹೋಗಿತ್ತು. ಶವವಾದ ಮೇಲೆ ಗಡಿ ದಾಟಿಸುವುದಕ್ಕೆ ಕಾಗದಪತ್ರ ಜಾಸ್ತಿ ಎಂದು ಯಾರೋ ಹೆದರಿಸಿದ್ದರು.

ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಎಂಬ ಒಂದು ಫಾರಂ ಎಲ್ಲ ಆಸ್ಪತ್ರೆಯಲ್ಲೂ ಉಂಟು. ಭಾರತದ ಐಸಿಯುಗಳಲ್ಲಿ ಬದುಕು ಸಾವಿನ ಎಷ್ಟು ತೀರ್ಮಾನ ಆ ಒಂದು ಹಾಳೆಯ ಮೇಲೆ ಆಗುತ್ತದೆ ಎಂಬುದು ಒಳಗಿನವರಿಗೆ ಗೊತ್ತು. ಕಾನೂನು ಬೇರೆ ದಾರಿಯಲ್ಲಿ ನಡೆದಿದೆ. ಗುಣವಾಗದ ರೋಗಿಯ ಜೀವ ಹಿಡಿದಿಟ್ಟ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ 2011ರಲ್ಲಿ ಮುಂಬೈಯ ನರ್ಸ್ ಅರುಣಾ ಶಾನಭಾಗ್ ಪ್ರಕರಣ, 2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆಯ ಅರ್ಜಿಗೆ ತೀರ್ಪು. ಅದರ ವಿಧಾನ ಅನುಸರಿಸಲಾಗದಷ್ಟು ಜಟಿಲ ಎಂದು 2023ರ ಜನವರಿಯಲ್ಲಿ ಕೋರ್ಟೇ ಸಡಿಲಿಸಿತು. ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಇನ್ನೊಂದು. ಕರ್ನಾಟಕ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡುವ ಸುತ್ತೋಲೆ ಹೊರಡಿಸಿತು. ಇದೆಲ್ಲ ಬೇಕಾದದ್ದೇ. ಆದರೆ ನಮ್ಮ ವಾರ್ಡಿನ ವಿಚಿತ್ರ ನೋಡಿ: ಚಿಕಿತ್ಸೆಯಿಂದ ಏನೂ ಆಗದ ರೋಗಿ ಕಾನೂನಿನ ಹೆದರಿಕೆಯಿಂದ ವಾರಗಟ್ಟಲೆ ಯಂತ್ರದಲ್ಲಿ ಉಳಿಯುತ್ತಾರೆ, ನಾಲ್ಕು ದಿನ ಕಾದರೆ ಎದ್ದು ಹೋಗುವ ರೋಗಿ ದುಡ್ಡಿಲ್ಲದೆ ಆ ಹಾಳೆಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಮಲಗಿರುತ್ತಾರೆ. ಆ ರಾತ್ರಿ ಭೇದ ಹೇಳಬೇಕಾದವನು ನಾನು, ನನಗೇ ಧೈರ್ಯ ಇರಲಿಲ್ಲ. "ನಾಳೆ ಬೆಳಿಗ್ಗೆವರೆಗೆ ಇರಲಿ ಅಣ್ಣ" ಎಂದಷ್ಟೇ ಹೇಳಿದೆ.

ಬೆಳಗಾಗುವ ಮುಂಚೆ, ಮೂರು ಗಂಟೆಗೆ, ರಾತ್ರಿ ಪಾಳಿಯ ಸಿಸ್ಟರ್ ರೋಗಿಯ ಮಗ್ಗುಲು ಬದಲಿಸುತ್ತಿದ್ದರು. ಆ ಪಾಳಿಯಲ್ಲಿ ಅವರ ಪಾಲಿಗೆ ಇಬ್ಬರು ವೆಂಟಿಲೇಟರ್ ರೋಗಿಗಳಿದ್ದರು. ವೆಂಟಿಲೇಟರ್ ರೋಗಿಗೆ ಒಬ್ಬರಿಗೊಬ್ಬರು ನರ್ಸ್ ಎಂಬುದು 1993ರಲ್ಲಿ ಹುಟ್ಟಿದ ನಮ್ಮ ತೀವ್ರ ನಿಗಾ ವೈದ್ಯರ ಸಂಘದ ಸಲಹೆ. ಒಬ್ಬರಿಗೆ ಮೂವರು ಇರುವ ಕಡೆಗಳನ್ನೂ ನಾನು ನೋಡಿದ್ದೇನೆ. ಆ ರಾತ್ರಿ ಎರಡೇ ಇದ್ದದ್ದು ಪುಣ್ಯ. ಹೊದಿಕೆ ಸರಿಸುವಾಗ ಎಡಗಾಲಿನ ಹೆಬ್ಬೆರಳು ಕೂದಲೆಳೆಯಷ್ಟು ಅಲುಗಿದ ಹಾಗೆ ಅವರಿಗೆ ಕಂಡಿತು. ಸಾಮಾನ್ಯವಾಗಿ ಇಂಥದ್ದನ್ನು ಬರೆದಿಟ್ಟು ಬೆಳಗ್ಗೆ ಹೇಳುತ್ತಾರೆ. ಈ ಸಿಸ್ಟರ್ ಬೆಳ್ತಂಗಡಿ ಕಡೆಯವರು. ಕಿವಿಯ ಹತ್ತಿರ ಬಗ್ಗಿ, ಕೇಳಿಸುತ್ತದಾ ಎಂದು ತುಳುವಿನಲ್ಲಿ ಕೇಳಿದರು:

"ಅಕ್ಕಾ, ಕೇಣುಂಡಾ?"

ಹೆಬ್ಬೆರಳು ಅಲುಗಿತು. ಕಾಕತಾಳೀಯ ಇರಬಹುದೆಂದು ಸುಮ್ಮನಿದ್ದು ಮತ್ತೆ ಕೇಳಿದರು. ಮತ್ತೆ ಅಲುಗಿತು. ಕೇಳುತ್ತಿದ್ದರೆ ಎರಡು ಸಲ ಎಂದರು. ಎರಡು ಸಲ.

ನನಗೆ ಫೋನ್ ಬಂದಾಗ ಸಿಸ್ಟರ್ ಅಳುತ್ತಿದ್ದರು. ನಾನು ಮೊದಲು ಹೇಳಿದ ಮಾತು, ನಿದ್ದೆಯ ಔಷಧಿ ಈಗಲೇ ಹೆಚ್ಚು ಮಾಡಿ ಎಂದು. ನಾಡಿ ಒಂದು ಗಂಟೆಯಲ್ಲಿ 140ರಿಂದ 96ಕ್ಕೆ ಇಳಿಯಿತು. ವಿಷದ ಪರಿಣಾಮ ಎಂದು ನಾನು ಬರೆದಿಟ್ಟಿದ್ದ ಏರಿಕೆಯಲ್ಲಿ ಎಷ್ಟು ಪಾಲು ವಿಷದ್ದು, ಎಷ್ಟು ಪಾಲು ಅಲ್ಲಾಡಲಾಗದೆ ಎಚ್ಚರವಾಗಿ ಬಿದ್ದುಕೊಂಡಿದ್ದ ಮನುಷ್ಯರ ಹೆದರಿಕೆಯದ್ದು ಎಂಬುದನ್ನು ಈಗ ಬೇರೆ ಮಾಡಲು ಬರುವುದಿಲ್ಲ.

ಬೆಳಗ್ಗೆ ಗಂಡನನ್ನು ಒಳಗೆ ಕರೆದು ಮಾತಾಡಿಸಲು ಹೇಳಿದೆವು. ಏನು ಮಾತಾಡುವುದೆಂದು ತಿಳಿಯದೆ ಅವರು ಬೀಡಿ ಕಾಂಟ್ರಾಕ್ಟರ್ ಬಂದು ಎಲೆ, ಹೊಗೆಸೊಪ್ಪು ತಕ್ಕೊಂಡು ಹೋದದ್ದು, ಪಾಸ್ ಪುಸ್ತಕದಲ್ಲಿ ಎಷ್ಟು ಬರೆದ ಎಂಬುದನ್ನು ತುಳುವಿನಲ್ಲಿ ವರದಿ ಒಪ್ಪಿಸಿದರು. ಹೆಬ್ಬೆರಳು ನೋಡಿದ ಮೇಲೆ ಮನೆಗೆ ಕರಕೊಂಡು ಹೋಗುವ ಮಾತು ಮತ್ತೆ ಬರಲಿಲ್ಲ. ದುಡ್ಡಿನ ಮಾತು ಬಂತು. ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು, ಊರ ಭಜನಾ ಮಂದಿರದವರು, ಗಲ್ಫಿನಲ್ಲಿರುವ ಒಬ್ಬ ನೆರೆಯವ ಸೇರಿಸಿ ಕೊಟ್ಟರು. ಆಸ್ಪತ್ರೆ ಸ್ವಲ್ಪ ಬಿಟ್ಟಿತು. ಕೊನೆಯ ಲೆಕ್ಕ 2 ಲಕ್ಷದ 14 ಸಾವಿರ. ಸರ ಬಿಡಿಸಿಕೊಳ್ಳಲು ಅವರಿಗೆ ಒಂದೂವರೆ ವರ್ಷ ಹಿಡಿಯಿತು.

ನಾಲ್ಕನೆಯ ದಿನ ಹುಬ್ಬು, ಐದನೆಯ ದಿನ ಕೈ, ಆರನೆಯ ದಿನ ಕತ್ತು. ಆ ಸಂಜೆ ಟ್ಯೂಬ್ ತೆಗೆದೆವು. ಒಂಬತ್ತನೆಯ ದಿನ ನಡೆದುಕೊಂಡೇ ಹೋದರು.

ಹೋಗುವ ಹಿಂದಿನ ದಿನ ನಾನು ಕುರ್ಚಿ ಎಳೆದುಕೊಂಡು ಕೂತು ಕ್ಷಮೆ ಕೇಳಿದೆ. ಅವರು ತಡೆದು ತಡೆದು ಹೇಳಿದ್ದು ಇಷ್ಟು. ಎರಡನೆಯ ದಿನದ ಬಹುಭಾಗ ಕೇಳಿಸುತ್ತಿತ್ತು. ಟಾರ್ಚಿನ ಬೆಳಕು ರೆಪ್ಪೆ ಎತ್ತಿದಾಗ ಸೂರ್ಯ ಬಿದ್ದ ಹಾಗಾಗುತ್ತಿತ್ತು, ಮುಚ್ಚಿಕೊಳ್ಳಲಾಗುತ್ತಿರಲಿಲ್ಲ. ಮೂತ್ರದ ಟ್ಯೂಬ್ ಉರಿಯುತ್ತಿತ್ತು. ಯಾರೋ ಇಬ್ಬರು ಅವರ ಮೈಮೇಲಿಂದಲೇ ಮದುವೆ ಊಟದ ಮಾತು ಆಡುತ್ತಿದ್ದರು, ಅದು ಅವರಿಗೆ ಖುಷಿಯಾಗಿತ್ತಂತೆ. "ನೀವು ಲಕ್ಷಣ ಒಳ್ಳೆದಿಲ್ಲ ಅಂದದ್ದು ಕೇಳಿತು. ಯಾರ ಲಕ್ಷಣಾಂತ ಮೊದ್ಲು ಗೊತ್ತಾಗ್ಲಿಲ್ಲ. ಪಕ್ಕದ ಬೆಡ್ಡಿನವರದ್ದಾಂತ ಗ್ರೇಸಿದೆ. ಮತ್ತೆ ದಾರಿ, ಆಕ್ಸಿಜನ್ ಅಂದ್ರಲ್ಲ, ಆಗ ಗೊತ್ತಾಯ್ತು."

ಆ ಪ್ರಕರಣದ ಮೇಲೆ ನಮ್ಮ ವಾರ್ಡಿನಲ್ಲಿ ಒಂದೆರಡು ಬದಲಾದವು. ಸ್ನಾಯು ಸೋತ ರೋಗಿಗೆ ನಿದ್ದೆಯ ಔಷಧಿ ಕಡಿಮೆ ಮಾಡಬೇಕಾದರೆ ಹಿರಿಯರೊಬ್ಬರು ಕಾರಣ ಬರೆದು ಸಹಿ ಹಾಕಬೇಕು. ಹಾಸಿಗೆಯ ತಲೆಯ ಬದಿ ರೋಗಿಗೆ ಕೇಳಿಸುತ್ತದೆ ಎಂಬ ಚೀಟಿ, ಕನ್ನಡ ಮತ್ತು ಮಲಯಾಳದಲ್ಲಿ. ರೋಗಿಯ ಮನೆಮಾತು ಯಾವುದೆಂದು ಚಾರ್ಟಿನ ಮೊದಲ ಸಾಲಿನಲ್ಲಿ. ನನಗೆ ಹೆಚ್ಚು ಮುಖ್ಯ ಅನಿಸುವುದು ನಾಲ್ಕನೆಯದು: ಗಡಿಯಾಚೆಯ ಮೂರು ಆರೋಗ್ಯ ಕೇಂದ್ರಗಳ ಡಾಕ್ಟರುಗಳಲ್ಲಿ ನಮ್ಮ ಐಸಿಯುವಿನ ಒಂದು ನಂಬರ್ ಉಂಟು, ಪಾಳಿಯಲ್ಲಿದ್ದವರು ಎತ್ತಲೇಬೇಕು, ಬೆಡ್ ಇಲ್ಲದಿದ್ದರೂ ವಿಡಿಯೋದಲ್ಲಿ ರೋಗಿಯನ್ನು ನೋಡಿ ಮುಂದಿನ ಎರಡು ಗಂಟೆ ಏನು ಮಾಡಬೇಕೆಂದು ಹೇಳಬೇಕು. ಯಾವ ಸರ್ಕಾರದ ಯೋಜನೆಯೂ ಅಲ್ಲ. ನಾನು ಕೆಲಸ ಬಿಟ್ಟರೆ ಆ ನಂಬರ್ ಇರುತ್ತದೋ ಇಲ್ಲವೋ.

ಯೋಜನೆಗಳು ಇಲ್ಲವೆಂದಲ್ಲ. 2021ರಲ್ಲಿ ಶುರುವಾದ ಕೇಂದ್ರದ ಆರೋಗ್ಯ ಮೂಲಸೌಕರ್ಯ ಯೋಜನೆಯಲ್ಲಿ 5 ಲಕ್ಷಕ್ಕಿಂತ ಹೆಚ್ಚು ಜನರಿರುವ ಜಿಲ್ಲೆಗಳಿಗೆ ಕ್ರಿಟಿಕಲ್ ಕೇರ್ ಬ್ಲಾಕ್, ಅಂದರೆ ತೀವ್ರ ನಿಗಾ ವಿಭಾಗ, ಎಂಬುದು ಉಂಟು. ಕಾಸರಗೋಡಿನಲ್ಲಿ 2011ರಲ್ಲೇ 13 ಲಕ್ಷ ಜನ. ಹಾವು ಕಡಿತದ ಸಾವನ್ನು 2030ಕ್ಕೆ ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆ 2024ರ ಮಾರ್ಚ್‌ನಲ್ಲಿ ಬಂತು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆಂಬ ಅಂದಾಜು ನೋಡಿದರೆ ತಡವಾಗಿಯೇ ಬಂತು. ಬ್ಲಾಕಿನ ಕಟ್ಟಡ ಏಳುತ್ತದೆ, ನನಗೆ ಅದರಲ್ಲಿ ಸಂಶಯ ಇಲ್ಲ. ಕಾಂಕ್ರೀಟಿನ ಮಟ್ಟಿಗೆ ನಾವು ಗಟ್ಟಿ. ಮೂರು ಗಂಟೆ ರಾತ್ರಿಗೆ ಹೆಬ್ಬೆರಳು ನೋಡುವವರ ಹುದ್ದೆ ಅದರ ಅಂದಾಜುಪಟ್ಟಿಯಲ್ಲಿ ಎಷ್ಟಿದೆ, ಅವರಿಗೆ ಸಂಬಳ ಎಷ್ಟು ಎಂಬುದನ್ನು ನೋಡಿದರೆ ನಮ್ಮ ಐಸಿಯುಗಳ ಮುಂದಿನ ಹತ್ತು ವರ್ಷ ಹೇಗಿರುತ್ತದೆಂದು ಹೇಳಬಹುದು. ಆ ಬೆಳ್ತಂಗಡಿಯ ಸಿಸ್ಟರ್ ಮರು ಡಿಸೆಂಬರಿನಲ್ಲಿ ಐರ್ಲೆಂಡಿಗೆ ಹೋದರು. ಇಲ್ಲಿ ಒಂದು ವರ್ಷ ದುಡಿದದ್ದು ಅಲ್ಲಿ ಎರಡು ತಿಂಗಳಲ್ಲಿ ಸಿಗುತ್ತದೆ ಎಂದರು. ತಡೆಯಲು ನನ್ನ ಬಾಯಿಯಲ್ಲಿ ಮಾತಿರಲಿಲ್ಲ. ಟ್ಯೂಬ್ ಹಾಕಿದ ಎಳೆ ಡಾಕ್ಟರ್ ಅರಿವಳಿಕೆ ಶಾಸ್ತ್ರ ಓದಲು ಸೇರಿದ್ದಾಳೆ, ಅದೊಂದು ಲಾಭ.

ರೋಗಿ ಒಂದು ತಿಂಗಳು ಕಳೆದು ತೋರಿಸಲು ಬಂದರು. ಶ್ವಾಸಕೋಶ ಸರಿ, ಕೈಕಾಲಿನ ಬಲ ಸರಿ. ರಾತ್ರಿ ದೀಪ ಆರಿಸಿದರೆ ಮೈ ಕಟ್ಟಿದ ಹಾಗಾಗುತ್ತದೆ, ಗಂಡನನ್ನು ಎಬ್ಬಿಸಿ ಕಾಲ್ಬೆರಳು ಆಡುತ್ತದಾ ನೋಡಲು ಹೇಳುತ್ತೇನೆ ಎಂದರು. ಐಸಿಯುವಿನಿಂದ ಬದುಕಿ ಹೋದವರಲ್ಲಿ ಇದು ಬಹಳ ಜನಕ್ಕೆ ಇರುತ್ತದೆ. ಹೋದ ಮೇಲೆ ನಾವು ವಿಚಾರಿಸುವುದಿಲ್ಲ, ಅಷ್ಟೆ. ಮಂಚ ಮಾಡಿಸಿದ್ದರು, ಸೊಳ್ಳೆಪರದೆ ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುತ್ತಿದ್ದರು.

ಕೊನೆಗೆ ಒಂದು ಉಸಿರಿನಲ್ಲಿ ಎಣಿಸಲು ಹೇಳಿದೆ. ಬೆರಳು ತಾನೇ ಬೀಡಿ ಎಣಿಸುವ ಹಾಗೆ ಆಡತೊಡಗಿತು. ಒಂಜಿ, ರಡ್ಡ್, ಮೂಜಿ ಎಂದು ಸರಸರನೆ ಏಳು ದಾಟಿ, ಹತ್ತು ದಾಟಿ, ಇರ್ವತ್ತೈನ್ ಎಂದು ನಿಲ್ಲಿಸಿದರು. ಉಸಿರು ಮುಗಿಯಿತಾ ಎಂದು ಕೇಳಿದೆ.

"ಇಲ್ಲ ಡಾಕ್ಟ್ರೇ, ಒಂದು ಕಟ್ಟಿಗೆ ಇಪ್ಪತ್ತೈದೇ" ಎಂದರು.